ಇಲ್ಲದ ನಾಲ್ಕನೇ ಮಹಡಿ

ಕಾಲೇಜಿನಲ್ಲಿ ಎಲ್ಲರೂ ಅವನನ್ನು ಡೆಮೊ ಎಂದು ಕರೆಯುತ್ತಿದ್ದರು. ಮೂರು ವರ್ಷದಲ್ಲಿ ಅವನು ಏಳು ವಿಡಿಯೋ ಗೇಮುಗಳನ್ನು ಶುರು ಮಾಡಿದ್ದ. ಏಳರಲ್ಲಿ ಒಂದೂ ಮೊದಲನೇ ಹಂತ ದಾಟಿರಲಿಲ್ಲ. ಒಂದರಲ್ಲಿ ನಾಯಕ ಧೈರ್ಯವಾಗಿ ಬಾವಿಗಿಳಿಯುತ್ತಿದ್ದ. ಅವನು ಮೇಲೆ ಹತ್ತಿ ಬರಲು ಮೆಟ್ಟಿಲು ಬರೆಯಬೇಕು ಎನ್ನುವಷ್ಟರಲ್ಲಿ ಪರೀಕ್ಷೆ ಬಂತು. ಪಾಪ, ಆ ನಾಯಕ ಇವತ್ತಿಗೂ ಬಾವಿಯಲ್ಲೇ ಇದ್ದಾನೆ. ಇನ್ನೊಂದರಲ್ಲಿ ಕುದುರೆಗೆ ಮೂರು ಕಾಲು ಬರೆದು ಬಿಟ್ಟಿದ್ದ. ನಾಲ್ಕನೆಯದು ಎಲ್ಲಿ ಎಂದು ಕೇಳಿದವರಿಗೆ "ಅದು ಅಪ್‌ಡೇಟ್‌ನಲ್ಲಿ ಬರುತ್ತೆ" ಎಂದು ಉತ್ತರ ಕೊಡುತ್ತಿದ್ದ.

ಆದರೂ ಅವನ ಕೋಣೆಯ ಬಾಗಿಲಿಗೆ ಒಂದು ಬೋರ್ಡು ತಗುಲಿಸಿತ್ತು: 'ಸ್ವತಂತ್ರ ಗೇಮ್ ನಿರ್ಮಾಪಕ'. ಅವನ ಅಪ್ಪ ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳ ಕಣ್ಣಿನ ನಂಬರು ನೋಡುವ ಕೆಲಸದವರು. ಎಷ್ಟೇ ಸಣ್ಣ ಅಕ್ಷರವನ್ನೂ ಬಿಡದೆ ಓದುವ ಅಭ್ಯಾಸ. ಬೋರ್ಡನ್ನು ಎರಡು ಸಲ ಓದಿದರು.

"ಸ್ವತಂತ್ರ ಅಂದ್ರೆ ಏನೋ?"

"ಯಾರ ಹಂಗೂ ಇಲ್ಲ ಅಂತ ಅಪ್ಪಾ. ಕಲ್ಪನೆ ನಂದು, ಕೋಡು ನಂದು, ಕಂಪನಿ ನಂದು."

"ಕರೆಂಟು?"

ಡೆಮೊ ಮಾತು ಬದಲಿಸಿದ. ಅಷ್ಟರಲ್ಲಿ ಅಮ್ಮ, ಸ್ವತಂತ್ರ ನಿರ್ಮಾಪಕನಿಗೆ ಟೀ ತಂದಿಟ್ಟು, ಒಣಗಿದ ಬಟ್ಟೆ ಮಡಿಸಿಟ್ಟು, ಮಂಚದ ಕೆಳಗಿನಿಂದ ನಾಲ್ಕು ಎಂಜಲು ಲೋಟ ಹುಡುಕಿ ತೆಗೆದುಕೊಂಡು ಹೋದರು.

ಇಂಥ ಸ್ವತಂತ್ರರು ಆ ಕಾಲೇಜಿನಲ್ಲಿ ಒಟ್ಟು ಹನ್ನೊಂದು ಮಂದಿ ಇದ್ದರು. ಒಬ್ಬ ಗೇಮ್ ಮಾಡಿದರೆ ಉಳಿದ ಹತ್ತು ಮಂದಿ ಅದನ್ನು ಇಳಿಸಿಕೊಂಡು, ಎರಡು ನಿಮಿಷ ಆಡಿ, ಐದು ನಕ್ಷತ್ರ ಕೊಟ್ಟು, 'ಆಳವಾದ ಅನುಭವ' ಎಂದು ಬರೆಯಬೇಕು. ಇದು ಅಲಿಖಿತ ಒಪ್ಪಂದ. ಡೆಮೊ ಒಮ್ಮೆ ಗೆಳೆಯನ ಗೇಮನ್ನು ತೆರೆದ. ಪರದೆ ಪೂರಾ ಕಪ್ಪು. ಇಪ್ಪತ್ತು ನಿಮಿಷ ಕಪ್ಪು ಪರದೆಯನ್ನೇ ನೋಡಿ, ಕಣ್ಣೊರೆಸಿಕೊಂಡು, 'ಒಂಟಿತನದ ಇಂಥ ಚಿತ್ರಣ ಹಿಂದೆಂದೂ ಬಂದಿಲ್ಲ' ಎಂದು ಬರೆದ. ಮಾರನೆಯ ದಿನ ಆ ಗೆಳೆಯ ಫೋನ್ ಮಾಡಿ ಹೇಳಿದ: "ಥ್ಯಾಂಕ್ಸ್ ಕಣೋ, ಆದ್ರೆ ತಪ್ಪು ಫೈಲು ಹಾಕಿದ್ದೆ."

ಹೀಗೆ ಸುಖವಾಗಿ ಸಾಗುತ್ತಿದ್ದ ಕಲಾಜೀವನಕ್ಕೆ ಕೊನೆಯ ವರ್ಷದ ಪ್ರಾಜೆಕ್ಟ್ ಅಡ್ಡ ಬಂತು. ಗೈಡ್ ಸರ್ ಅವನನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದರು:

"ನೋಡಪ್ಪಾ, ನನಗೆ ಮುಗಿದ ಗೇಮು ಬೇಕು. ಕನಿಷ್ಠ ಅರ್ಧ ಗಂಟೆ ಆಡೋ ಹಾಗಿರ್ಬೇಕು. ಇಲ್ಲಾಂದ್ರೆ ಇನ್ನೊಂದು ವರ್ಷ ನೀನು ನನ್ನ ಮುಖ ನೋಡ್ಬೇಕು, ನಾನು ನಿನ್ನ ಮುಖ ನೋಡ್ಬೇಕು. ಇಬ್ಬರಿಗೂ ಯಾಕೆ ಆ ಕಷ್ಟ?"

ಡೆಮೊ ಎಂಟನೇ ಗೇಮು ಶುರು ಮಾಡಿದ. ಹೆಸರು 'ಬೀಗದ ಕೈ'. ಮನೆಗೆ ಬಂದ ಒಬ್ಬ ಮನುಷ್ಯನ ಬೀಗದ ಕೈ ಕಳೆದುಹೋಗಿರುತ್ತದೆ; ಅವನು ಕಟ್ಟಡದ ಮನೆಮನೆಗೂ ಹೋಗಿ ಕೇಳುತ್ತಾನೆ; ಎಲ್ಲರೂ ಬುದ್ಧಿ ಹೇಳುತ್ತಾರೆ, ಬೀಗದ ಕೈ ಮಾತ್ರ ಯಾರೂ ಕೊಡುವುದಿಲ್ಲ. ಕತೆ ಇಷ್ಟೇ. ಬೇರೆ ಕಟ್ಟಡ ಕಲ್ಪಿಸಿಕೊಳ್ಳುವ ಶಕ್ತಿ ಸಾಲದೆ ಅವನು ತಾವಿದ್ದ ಕಟ್ಟಡವನ್ನೇ ಫೋನಿನಲ್ಲಿ ಫೋಟೋ ಹೊಡೆದು ಗೇಮಿನೊಳಗೆ ಅಂಟಿಸಿದ. ನೆಲಮಹಡಿಯಲ್ಲಿ ಟೈಲರು, ಮೊದಲನೇ ಮಹಡಿಯಲ್ಲಿ ತಮ್ಮ ಮನೆ, ಎರಡನೆಯದರಲ್ಲಿ ನಿವಾಸಿಗಳ ಸಂಘದ ಸೆಕ್ರೆಟ್ರಿ, ಮೂರನೆಯದರಲ್ಲಿ ಒಬ್ಬರೇ ಇದ್ದ, ನಿವೃತ್ತರಾದ ಲೆಕ್ಕದ ಮೇಡಂ. ಅದರ ಮೇಲೆ ತಾರಸಿ, ನೀರಿನ ಟ್ಯಾಂಕು, ಬಟ್ಟೆ ಒಣಗಿಸುವ ಹಗ್ಗ. ಗೋಡೆಯ ತೇವದ ಕಲೆಯನ್ನೂ ಬಿಟ್ಟಿರಲಿಲ್ಲ.

ಎಲ್ಲಾ ಮುಗಿಸಿ ಆಡಿ ನೋಡಿದರೆ ಇಪ್ಪತ್ತೆರಡು ನಿಮಿಷಕ್ಕೆ ಆಟ ಖಾಲಿ. ಇನ್ನೆಂಟು ನಿಮಿಷ ಎಲ್ಲಿಂದ ತರುವುದು? ಡೆಮೊ ತಲೆ ಕೆರೆದುಕೊಂಡ. ಆಮೇಲೆ ಮೂರನೇ ಮಹಡಿಯನ್ನು ಅನಾಮತ್ತಾಗಿ ಕಾಪಿ ಹೊಡೆದು ಅದರ ಮೇಲೆ ಕೂರಿಸಿದ. ನಾಲ್ಕನೇ ಮಹಡಿ ತಯಾರು. ಅದರಲ್ಲೂ ಅದೇ ಲೆಕ್ಕದ ಮೇಡಂ, ಅದೇ ಸೀರೆ, ಅದೇ ಬೈಗುಳ. ಸಮಯ ಸರಿಯಾಗಿ ಮೂವತ್ತು ನಿಮಿಷ. ಈ ಸಂಭ್ರಮದಲ್ಲಿ ಗೇಮಿನಲ್ಲಿ ಬೀಗದ ಕೈಯನ್ನು ಎಲ್ಲಿಯೂ ಇಡುವುದನ್ನೇ ಅವನು ಮರೆತಿದ್ದ. ಅದು ಬೇರೆ ವಿಷಯ.

ಇದೇ ಹೊತ್ತಿಗೆ ಸೆಕ್ರೆಟ್ರಿ ಡೆಮೊನ ಮನೆಗೆ ಬಂದರು. ಸೆಕ್ರೆಟ್ರಿ ಹಿಂದೆ ಯಾವುದೋ ಇಲಾಖೆಯಲ್ಲಿ ಹೆಡ್ ಕ್ಲಾರ್ಕ್ ಆಗಿದ್ದವರು. ನಿವೃತ್ತಿಯಾಗಿ ಒಂಬತ್ತು ವರ್ಷವಾದರೂ ಕಿಸೆಯಲ್ಲಿ ಎರಡು ಪೆನ್ನು ಇಲ್ಲದೆ ಹೊರಗೆ ಕಾಲಿಡುತ್ತಿರಲಿಲ್ಲ. ಎರಡನೇ ಮಹಡಿ ಅವರ ವಾಸಕ್ಕೆ. ಮೊದಲನೇ ಮಹಡಿಯೂ ಅವರದೇ, ಅದರಲ್ಲಿ ಡೆಮೊನ ಮನೆಯವರು ಬಾಡಿಗೆಗಿದ್ದರು. ತಾರಸಿಯ ಹಳೇ ಟ್ಯಾಂಕು ಒಡೆದು ಸೋರುತ್ತಿತ್ತು. ಹೊಸದು ಕೂರಿಸಲು ನಗರಸಭೆಯ ಅನುಮತಿಗಾಗಿ ಅವರು ಎರಡು ವರ್ಷದಿಂದ ಅಲೆಯುತ್ತಿದ್ದರು.

"ಕಟ್ಟಡದ ನಕ್ಷೆ ತನ್ನಿ ಅಂತಾರೆ ಕಣ್ರೀ. ನಕ್ಷೆ ಅವರ ಆಫೀಸಲ್ಲೇ ಇತ್ತು, ಅವರೇ ಕಳೆದಿದ್ದಾರೆ. ಕಳೆದವರು ಅವರು, ತರಬೇಕಾದವನು ನಾನು!" ಎಂದು ಡೆಮೊನ ಅಪ್ಪನ ಮುಂದೆ ತೋಡಿಕೊಂಡರು. ಅಷ್ಟರಲ್ಲಿ ತೆರೆದ ಬಾಗಿಲಿನಿಂದ ಕಂಪ್ಯೂಟರಿನ ಪರದೆ ಅವರ ಕಣ್ಣಿಗೆ ಬಿತ್ತು. ಪರದೆಯ ಮೇಲೆ ಅವರದೇ ಮನೆಯ ಬಾಗಿಲು. ಬಾಗಿಲ ಮುಂದೆ ಅವರದೇ ಹರಿದ ಕಾಲೊರೆಸು.

"ಏನೋ ಇದು! ನಮ್ಮ ಬಿಲ್ಡಿಂಗು!"

"ಹೂಂ ಅಂಕಲ್. ನಾನೇ ಮಾಡಿದ್ದು."

"ಪೂರ್ತಿನಾ?"

"ಪೂರ್ತಿ."

"ಅಳತೆ ಎಲ್ಲಾ ಸರಿಯಾಗಿದೆಯಾ?"

ಈ ಪ್ರಶ್ನೆಗೆ 'ಇಲ್ಲ ಅಂಕಲ್, ಕಣ್ಣಂದಾಜು' ಎಂದಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಡೆಮೊನ ಬದುಕಿನಲ್ಲಿ ಅವನ ಕೆಲಸವನ್ನು ನೋಡಿ ಬಾಯಿ ತೆರೆದ ಮೊದಲ ಮನುಷ್ಯ ಸೆಕ್ರೆಟ್ರಿ. ಡೆಮೊ ಕುರ್ಚಿಗೆ ಒರಗಿ, ಕಾಲ ಮೇಲೆ ಕಾಲು ಹಾಕಿ ಹೇಳಿದ: "ಇಂಚಿಂಚು, ಅಂಕಲ್."

ಮಾರನೆಯ ದಿನ ಬೆಳಿಗ್ಗೆ ಹತ್ತೂವರೆಗೆ ಇಬ್ಬರೂ ನಗರಸಭೆಯ ಕಚೇರಿಯಲ್ಲಿದ್ದರು. ಕಟ್ಟಡಗಳ ಇನ್‌ಸ್ಪೆಕ್ಟರು ಕನ್ನಡಕವನ್ನು ಹಣೆಗೇರಿಸಿಕೊಂಡು, ಕನ್ನಡಕ ಎಲ್ಲಿ ಹೋಯಿತೆಂದು ಡ್ರಾಯರಿನಲ್ಲಿ ಹುಡುಕುತ್ತಿದ್ದರು. ಸೆಕ್ರೆಟ್ರಿ ಮುಂದೆ ಬಾಗಿ, "ನಕ್ಷೆ ತಂದಿದ್ದೀನಿ ಸಾರ್. ಕಾಗದದ್ದಲ್ಲ, ಒಳಗೆ ನಡೆದುಕೊಂಡು ಹೋಗಬಹುದಾದ ನಕ್ಷೆ" ಎಂದರು.

"ನಡೆದುಕೊಂಡು ಹೋಗೋದಾ? ನಾನು ಸ್ಥಳ ತನಿಖೆಗೇ ನಡೆಯಲ್ಲ, ನಕ್ಷೆಯೊಳಗೆ ನಡೀಬೇಕೇನ್ರೀ?"

"ಕೂತಲ್ಲೇ ಸಾರ್. ಬೆರಳಲ್ಲಿ."

ಇನ್‌ಸ್ಪೆಕ್ಟರಿಗೆ ಇದು ಹಿಡಿಸಿತು. ಡೆಮೊ ಪೆನ್‌ಡ್ರೈವಿನಿಂದ ಗೇಮನ್ನು ಕಚೇರಿಯ ಕಂಪ್ಯೂಟರಿಗೆ ಹಾಕಿ, ಯಾವ ಗುಂಡಿ ಒತ್ತಿದರೆ ಮುಂದೆ, ಯಾವುದನ್ನು ಒತ್ತಿದರೆ ಹಿಂದೆ ಎಂದು ತೋರಿಸಿಕೊಟ್ಟು ಬಂದ. ಇನ್‌ಸ್ಪೆಕ್ಟರು ಎಂಟು ದಿನ ಟೈಮು ಕೇಳಿದರು.

ಆ ಎಂಟು ದಿನ ಆ ಕಚೇರಿಯಲ್ಲಿ ಬೇರೆ ಯಾವ ಕಡತವೂ ಕದಲಲಿಲ್ಲ. ಕದಲುತ್ತಿದ್ದ ಕಡತವನ್ನು ಈ ಗೇಮು ತಡೆಯಿತು ಎಂದು ಆರೋಪಿಸುವಂತೆಯೂ ಇಲ್ಲ. ಮೊದಲ ದಿನ ಇನ್‌ಸ್ಪೆಕ್ಟರು ಟೈಲರ ಬಾಗಿಲು ತಟ್ಟಿದರು. 'ಕಿಸೆಗೆ ಗುಂಡಿ ಹಾಕಿಸ್ಕೊಂಡಿದ್ರೆ ಬೀಗದ ಕೈ ಬೀಳ್ತಿತ್ತಾ?' ಎಂದು ಟೈಲರು ಬುದ್ಧಿ ಹೇಳಿದರು. ಇನ್‌ಸ್ಪೆಕ್ಟರಿಗೆ ಹಠ ಬಂತು. ಎರಡನೇ ದಿನ ಟೈಪಿಸ್ಟು, ಕ್ಯಾಷಿಯರು, ಜನನ-ಮರಣ ವಿಭಾಗದವರು ಎಲ್ಲರೂ ಅವರ ಕುರ್ಚಿಯ ಹಿಂದೆ ಸೇರಿದರು. "ಮೇಲೆ ಹೋಗಿ ಸಾರ್, ಬೀಗದ ಕೈ ಮೇಲೇ ಇರಬೇಕು." ಮೇಲೆ ಹೋದರು. ಇನ್ನೂ ಮೇಲೆ ಹೋದರು. ಪ್ರತಿ ಮೆಟ್ಟಿಲು, ಪ್ರತಿ ಕಿಟಕಿ ಸೋಸಿದರು. ತಮ್ಮ ಇಪ್ಪತ್ತಾರು ವರ್ಷದ ಸೇವೆಯಲ್ಲಿ ಯಾವ ಕಟ್ಟಡವನ್ನೂ ಇನ್‌ಸ್ಪೆಕ್ಟರು ಇಷ್ಟು ಶ್ರದ್ಧೆಯಿಂದ ತಪಾಸಣೆ ಮಾಡಿದ್ದಿಲ್ಲ. ಬೀಗದ ಕೈ ಸಿಗಲಿಲ್ಲ. ನಾಲ್ಕನೇ ಮಹಡಿ ಸಿಕ್ಕಿತು.

ಒಂಬತ್ತನೇ ದಿನ ಕಟ್ಟಡಕ್ಕೆ ನೋಟಿಸು ಬಂತು. 'ಮೂರು ಮಹಡಿಗಳಿಗೆ ಮಾತ್ರ ಅನುಮತಿ ಇದ್ದು, ಸದರಿ ಕಟ್ಟಡದಲ್ಲಿ ನಾಲ್ಕನೇ ಮಹಡಿಯನ್ನು ಅನಧಿಕೃತವಾಗಿ ನಿರ್ಮಿಸಿರುವುದು ಖುದ್ದು ಪರಿಶೀಲನೆಯಿಂದ ಕಂಡುಬಂದಿದೆ. ಮೂರನೇ ಮಹಡಿಯ ನಿವಾಸಿಯೇ ನಾಲ್ಕನೇ ಮಹಡಿಯನ್ನೂ ಆಕ್ರಮಿಸಿಕೊಂಡಿದ್ದು, ವಿಚಾರಿಸಲು ಹೋದ ಅಧಿಕಾರಿಯನ್ನು ಎರಡೂ ಕಡೆ ಒಂದೇ ರೀತಿ ಬೈದಿರುತ್ತಾರೆ.'

ಸಂಘದ ತುರ್ತು ಸಭೆ ತಾರಸಿಯ ಮೇಲೆ ನಡೆಯಿತು. ಸೋರುವ ಟ್ಯಾಂಕಿನ ಪಕ್ಕ ನಿಂತು ಎಲ್ಲರೂ ಒಮ್ಮೆ ಆಕಾಶ ನೋಡಿದರು. ಅಪ್ಪ ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು.

"ನನಗೆ ಎರಡು ರೀತಿಯಲ್ಲೂ ಕಾಣಿಸ್ತಿಲ್ಲ" ಎಂದರು.

ಲೆಕ್ಕದ ಮೇಡಂ ಕೆಳಗಿನಿಂದ ಬೆರಳು ಮಡಿಸುತ್ತಾ ಬಂದರು. "ಒಂದು, ಎರಡು, ಮೂರು. ಮೂವತ್ತೊಂದು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟಿದ್ದೀನಿ ಸೆಕ್ರೆಟ್ರಿಗಳೇ. ಮೂರಾದ ಮೇಲೆ ಇಲ್ಲಿ ಕಾಗೆ ಬಿಟ್ರೆ ಏನೂ ಇಲ್ಲ."

ಎಲ್ಲರ ಕಣ್ಣೂ ಡೆಮೊನ ಮೇಲೆ ಬಿತ್ತು. ಅವನು ಹಗ್ಗಕ್ಕೆ ಹಾಕಿದ್ದ ಬೆಡ್‌ಶೀಟಿನ ಹಿಂದಕ್ಕೆ ಅರ್ಧ ಸರಿದಿದ್ದ.

"ಅದು... ಗೇಮಿಗೋಸ್ಕರ... ಎಂಟು ನಿಮಿಷ ಕಡಿಮೆ ಬಿದ್ದಿತ್ತು..."

"ಎಂಟು ನಿಮಿಷಕ್ಕೆ ಒಂದು ಮಹಡಿ ಕಟ್ಟಿಬಿಟ್ಯಾ?" ಸೆಕ್ರೆಟ್ರಿಯ ಧ್ವನಿ ಟ್ಯಾಂಕಿನೊಳಗೆ ಗುಂಯ್‌ಗುಟ್ಟಿತು. "ಇಂಚಿಂಚು ಅಂದ್ಯಲ್ಲೋ!"

"ಕಣ್ಣಂದಾಜಿನ ಇಂಚು, ಅಂಕಲ್."

ನೆಲಮಹಡಿಯ ಟೈಲರಿಗೆ ಇದು ಎಲ್ಲಕ್ಕಿಂತ ದೊಡ್ಡ ಅವಮಾನವಾಗಿ ಕಂಡಿತು. ಕುತ್ತಿಗೆಯಲ್ಲಿದ್ದ ಟೇಪನ್ನು ಎಳೆದು ಹಿಡಿದು, "ಒಂದೇ ಬಿಲ್ಡಿಂಗಲ್ಲಿ ಇದ್ದೀನಿ. ಅಳತೆ ಬೇಕಿದ್ರೆ ಒಂದು ಮಾತು ನನ್ನ ಕೇಳಬಾರದಿತ್ತಾ?" ಎಂದು ಬಹಳ ನೊಂದುಕೊಂಡರು.

ಸೆಕ್ರೆಟ್ರಿ ಎರಡು ಪೆನ್ನುಗಳಲ್ಲಿ ಒಂದನ್ನು ತೆಗೆದು ಅಪ್ಪನ ಕಡೆಗೆ ತೋರಿಸಿದರು. "ಹದಿನೈದು ದಿನ ಟೈಮು. ನಿಮ್ಮ ಮಗ ಕಟ್ಟಿದ ಮಹಡಿಯನ್ನ ನಿಮ್ಮ ಮಗನೇ ಇಳಿಸಬೇಕು. ಇಲ್ಲಾಂದ್ರೆ ನೀವು ನನ್ನ ಮನೆ ಖಾಲಿ ಮಾಡಬೇಕು."

ಮೆಟ್ಟಿಲಿಳಿಯುವಾಗ ಅಪ್ಪ, "ಆ ನಾಲ್ಕನೇ ಮಹಡಿ ಖಾಲಿ ಇದ್ರೆ ನಾವೇ ಹೋಗ್ಬಹುದಿತ್ತು" ಎಂದರು. ಅಮ್ಮ ನಗಲಿಲ್ಲ. ಆ ದಿನ ಸ್ವತಂತ್ರ ನಿರ್ಮಾಪಕ ತನ್ನ ಟೀ ತಾನೇ ಮಾಡಿಕೊಂಡ.

ಸುದ್ದಿ ಎಲ್ಲಿಯೂ ನಿಲ್ಲುವುದಿಲ್ಲ. ಲೆಕ್ಕದ ಮೇಡಂಗೆ ಒಬ್ಬ ತಮ್ಮ ಇದ್ದ. ಆರು ವರ್ಷದಿಂದ ಅಕ್ಕ ಬದುಕಿದ್ದಾಳೋ ಇಲ್ಲವೋ ಎಂದು ಒಂದು ಫೋನು ಮಾಡಿದವನಲ್ಲ. ಅವನ ಹೆಂಡತಿಯ ಸೋದರಮಾವ ಅದೇ ನಗರಸಭೆಯ ಜನನ-ಮರಣ ವಿಭಾಗದಲ್ಲಿದ್ದರು. ಸಭೆಯಾದ ಮೂರನೇ ದಿನ ಈ ತಮ್ಮ, ಎರಡು ಸೂಟ್‌ಕೇಸ್ ಹಿಡಿದು ಅಕ್ಕನ ಬಾಗಿಲಲ್ಲಿ ನಿಂತಿದ್ದ.

"ಅಕ್ಕಾ! ಎಷ್ಟು ಸೊರಗಿದ್ದೀಯೇ! ಎರಡೆರಡು ಮನೆ ಒಬ್ಬಳೇ ಗುಡಿಸಿ ಒರೆಸಿದ್ರೆ ಸೊರಗದೆ ಇನ್ನೇನು? ತಮ್ಮ ಅನ್ನೋನು ಒಬ್ಬ ಇದ್ದಾನೆ ಅಂತ ನೆನಪಾಗ್ಲಿಲ್ವಾ?"

"ಯಾವ ಎರಡು ಮನೆಯೋ?"

"ಆಯ್ತು, ಆಯ್ತು. ಇಲ್ಲಿ ಬೇಡ, ಗೋಡೆಗೂ ಕಿವಿ ಇರುತ್ತೆ." ತಮ್ಮ ಕಣ್ಣು ಮಿಟುಕಿಸಿ ಒಳಗೆ ಬಂದ.

ಮೇಡಂ ಅವನನ್ನು ತಾರಸಿಗೆ ಕರೆದುಕೊಂಡು ಹೋಗಿ ತೋರಿಸಿದರು. ಅವನು ಟ್ಯಾಂಕು ನೋಡಿದ, ಹಗ್ಗ ನೋಡಿದ, ನಿಧಾನವಾಗಿ ತಲೆಯಾಡಿಸಿದ. "ಸರ್ಕಾರದ ಕಾಗದದಲ್ಲಿ ಇದೆ. ನನ್ನ ಕಣ್ಣಿಗೆ ಕಾಣಿಸ್ತಿಲ್ಲ. ಅಂದ್ರೆ ಇದರಲ್ಲಿ ಏನೋ ದೊಡ್ಡ ಮಸಲತ್ತೇ ಇದೆ. ಪರವಾಗಿಲ್ಲ ಅಕ್ಕಾ, ನೀನು ಹೇಳೋವರೆಗೂ ನಾನು ಕಾಯ್ತೀನಿ."

ಕಾಯುವುದಕ್ಕೆ ಅವನು ಅಕ್ಕನ ನಡುಮನೆಯಲ್ಲಿ ಸೋಫಾ ಹಿಡಿದು ಮಲಗಿದ. ಬೆಳಿಗ್ಗೆ ಎಂಟಕ್ಕೆ ಟಿವಿ ಹಾಕಿದರೆ ಆಫ್ ಮಾಡುವ ಮಾತಿಲ್ಲ. ಅಕ್ಕ ಮೂವತ್ತು ವರ್ಷದಿಂದ ಬಿಡಿಸುತ್ತಿದ್ದ ದಿನಪತ್ರಿಕೆಯ ಪದಬಂಧವನ್ನು ತಪ್ಪುತಪ್ಪಾಗಿ, ಅದೂ ಇಂಕಿನಲ್ಲಿ ತುಂಬಿಸಿದ. ಅಷ್ಟಕ್ಕೇ ಬಿಡದೆ ಟೈಲರ ಬಳಿ ಹೋಗಿ ನಾಲ್ಕನೇ ಮಹಡಿಯ ಕಿಟಕಿಗಳಿಗೆ ಪರದೆ ಹೊಲಿಯಲು ಹೇಳಿದ.

"ಅಳತೆ ಬೇಕಲ್ಲ ಸ್ವಾಮಿ" ಎಂದರು ಟೈಲರು.

"ಮೂರನೇ ಮಹಡಿಯದ್ದೇ ಅಳತೆ. ಎರಡೂ ಒಂದೇ ಥರ ಇವೆಯಂತೆ."

ಟೈಲರು ಮೂರನೇ ಮಹಡಿಯ ಕಿಟಕಿ ಅಳೆದುಕೊಂಡು ಬಂದು ನೀಲಿ ಬಟ್ಟೆ ಕತ್ತರಿಸಿದರು. ಕೊನೆಗೂ ಈ ವಿಷಯದಲ್ಲಿ ಯಾರೋ ತಮ್ಮ ಟೇಪಿಗೆ ಬೆಲೆ ಕೊಟ್ಟರಲ್ಲ ಎಂಬ ತೃಪ್ತಿ ಅವರಿಗೆ. ಪರದೆ ಹೊಲಿಯುತ್ತಿರುವುದನ್ನು ನೋಡಿದ ಸೆಕ್ರೆಟ್ರಿಗೆ ಮೊದಲ ಬಾರಿಗೆ ಅನುಮಾನ ಬಂತು. ಮಧ್ಯಾಹ್ನ ಯಾರೂ ಇಲ್ಲದ ಹೊತ್ತಿನಲ್ಲಿ ತಾವೊಬ್ಬರೇ ತಾರಸಿಗೆ ಹೋಗಿ ಇನ್ನೊಮ್ಮೆ ಮೇಲೆ ನೋಡಿಬಂದರು.

ನೋಟಿಸು ಬಂದ ಹತ್ತನೇ ದಿನ ಇನ್‌ಸ್ಪೆಕ್ಟರು ಖುದ್ದಾಗಿ ಬಂದರು. ಮೆಟ್ಟಿಲಿನ ಪ್ರತಿ ತಿರುವಿನಲ್ಲೂ ನಿಂತು, "ಇಲ್ಲಿ ಎಡಕ್ಕೆ ಒಂದು ಹೂಕುಂಡ ಇರಬೇಕಲ್ಲ... ಹಾಂ, ಇದೆ" ಎಂದು ಖುಷಿಪಡುತ್ತಾ ಏರಿದರು. ಟೈಲರನ್ನು ಕಂಡು, "ನೀವು ಆಟದಲ್ಲಿ ಇನ್ನೂ ಸ್ವಲ್ಪ ದಪ್ಪ" ಎಂದರು. ತಾರಸಿ ತಲುಪಿದಾಗ ಅವರ ಮುಖ ಗಂಭೀರವಾಯಿತು.

"ಎಲ್ಲಿ?"

"ಏನು ಸಾರ್?" ಎಂದರು ಸೆಕ್ರೆಟ್ರಿ.

"ನಾಲ್ಕನೇ ಮಹಡಿ."

"ಇಲ್ಲ ಸಾರ್."

"ಇಲ್ಲ ಅನ್ನೋದು ನನಗೂ ಕಾಣಿಸ್ತಿದೆ. ಎಲ್ಲಿ ಹೋಯ್ತು ಅಂತ ಕೇಳಿದ್ದು."

"ಇರಲೇ ಇಲ್ಲ ಸಾರ್."

ಇನ್‌ಸ್ಪೆಕ್ಟರು ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿದರು. "ಇರಲೇ ಇಲ್ಲದ್ದಕ್ಕೆ ನಾನು ನೋಟಿಸ್ ಕೊಟ್ಟೆ ಅಂತೀರಾ?"

ಹೆಡ್ ಕ್ಲಾರ್ಕ್ ಆಗಿದ್ದ ಸೆಕ್ರೆಟ್ರಿಗೆ ಈ ಪ್ರಶ್ನೆಯ ಅಪಾಯ ಚೆನ್ನಾಗಿ ಗೊತ್ತಿತ್ತು. "ಹಾಗಲ್ಲ ಸಾರ್..."

"ನೋಟಿಸ್ ಕೈಗೆ ಬಂದ ತಕ್ಷಣ ಒಡೆದು ಹಾಕಿದ್ದೀರಿ! ಒಡೆಯೋಕೆ ಅನುಮತಿ ತಗೊಂಡಿದ್ರಾ? ಇಟ್ಟಿಗೆ ಎಲ್ಲಿ? ಮಣ್ಣು ಎಲ್ಲಿ ಸುರಿದ್ರಿ? ಅನುಮತಿ ಇಲ್ದೆ ಕಟ್ಟಿದ್ದು ಒಂದು ತಪ್ಪು, ಅನುಮತಿ ಇಲ್ದೆ ಕೆಡವಿದ್ದು ಎರಡನೇದು!"

"ನಾನು ಹೇಳ್ಲಿಲ್ವಾ?" ಎಂದು ತಮ್ಮ, ಅಕ್ಕನ ಕಿವಿಯಲ್ಲಿ ಉಸುರಿದ. "ಇತ್ತು!"

ಡೆಮೊಗೆ ಅಮ್ಮ ನಿನ್ನೆಯಿಂದ ಪಾತ್ರೆಗಳನ್ನು ಹಳೇ ಪೇಪರಿನಲ್ಲಿ ಸುತ್ತಿಡುತ್ತಿರುವುದು ಕಣ್ಣ ಮುಂದೆ ಬಂತು. ಈ ಸಲವೂ ಹಗ್ಗದ ಬೆಡ್‌ಶೀಟಿನ ಹಿಂದೆ ನಿಂತಿದ್ದವನು ಪೂರ್ತಿಯಾಗಿ ಹೊರಗೆ ಬಂದ.

"ಸಾರ್, ತಪ್ಪು ನಂದು. ಅಳತೆ ಸುಳ್ಳು, ನಾಲ್ಕನೇ ಮಹಡಿಯೂ ಸುಳ್ಳು. ಇವರಿಗೆ ಯಾರಿಗೂ ಗೊತ್ತಿರಲಿಲ್ಲ. ಗೇಮು ಉದ್ದ ಆಗ್ಲಿ ಅಂತ ನಾನೇ ಕಾಪಿ ಹೊಡೆದು ಅಂಟಿಸ್ದೆ. ಸುಳ್ಳು ಅಂತಲೇ ಬರ್ಕೊಳ್ಳಿ. ನಾನು ಸೈನ್ ಹಾಕ್ತೀನಿ."

ಸ್ವತಂತ್ರ ನಿರ್ಮಾಪಕ ತನ್ನ ಕೃತಿಯ ಬಗ್ಗೆ ಹೇಳಿದ ಮೊದಲ ಪೂರ್ತಿ ನಿಜ ಅದು. ಅಪ್ಪ ಬಂದು ಅವನ ಪಕ್ಕ ನಿಂತರು. ಇನ್‌ಸ್ಪೆಕ್ಟರು ಕಡತ ತೆರೆದು, ಒಂದು ನಮೂನೆಯನ್ನು ಉದ್ದಕ್ಕೂ ಓದಿ, ನಿಟ್ಟುಸಿರು ಬಿಟ್ಟರು.

"ನೀನು ಹೇಳೋದು ನಿಜ ಇರಬಹುದಪ್ಪಾ. ಆದ್ರೆ ಇಲ್ಲಿ ಇರೋದು ಎರಡೇ ಕಾಲಂ. ಒಂದು 'ಇದೆ'. ಇನ್ನೊಂದು 'ತೆರವು ಮಾಡಲಾಗಿದೆ'. 'ಇರಲೇ ಇಲ್ಲ' ಅನ್ನೋ ಕಾಲಂ ಇಲ್ಲ. ನಾನೇನು ಮಾಡ್ಲಿ?"

ಟ್ಯಾಂಕು ತೊಟ್ಟಿಕ್ಕುತ್ತಿತ್ತು.

"ಹಾಗಾದ್ರೆ ತೆರವು ಮಾಡ್ತೀನಿ ಸಾರ್" ಎಂದ ಡೆಮೊ. "ಎಲ್ಲಿದೆಯೋ ಅಲ್ಲೇ. ನಿಮ್ಮ ಕಂಪ್ಯೂಟರಲ್ಲಿ, ನಿಮ್ಮೆದುರಿಗೇ."

ಇನ್‌ಸ್ಪೆಕ್ಟರ ಮುಖ ಅರಳಿತು. "ಅದು ಕ್ರಮಬದ್ಧ!"

ಮಾರನೆಯ ದಿನ ಹನ್ನೊಂದು ಗಂಟೆಗೆ ನಗರಸಭೆಯ ಕಚೇರಿಯಲ್ಲಿ ತೆರವು ಕಾರ್ಯಾಚರಣೆ ಏರ್ಪಾಡಾಯಿತು. ನಿಯಮದ ಪ್ರಕಾರ ಎರಡು ಸಾಕ್ಷಿ, ಒಬ್ಬ ಫೋಟೋಗ್ರಾಫರು. ಕಟ್ಟಡದವರೆಲ್ಲ ಬಂದಿದ್ದರು. ಟೈಲರು ಅಂಗಡಿ ಮುಚ್ಚಿ ಬಂದಿದ್ದರು. ತಮ್ಮ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವ ಮುಖ ಹೊತ್ತು ಅಕ್ಕನ ಹಿಂದೆ ನಿಂತಿದ್ದ. "ಒಂದನ್ನ ಬಾಡಿಗೆಗೆ ಕೊಟ್ಟು ನೋಡಬಹುದಿತ್ತು ಅಕ್ಕಾ, ಇಷ್ಟು ಅವಸರದಲ್ಲಿ ಕೆಡವಬಾರದಿತ್ತು" ಎನ್ನುತ್ತಿದ್ದ.

ಡೆಮೊ ಕಂಪ್ಯೂಟರಿನ ಮುಂದೆ ಕುಳಿತ. ಇನ್‌ಸ್ಪೆಕ್ಟರು ಬಗ್ಗಿ ಅವನ ಕಿವಿಯ ಬಳಿ ಮೆಲ್ಲಗೆ ಕೇಳಿದರು: "ಆ ಮಹಡಿಯಲ್ಲೇ ಬೀಗದ ಕೈ ಇದ್ರೆ?"

"ಇಲ್ಲ ಸಾರ್. ನಿಜ ಹೇಳ್ಬೇಕಂದ್ರೆ, ಎಲ್ಲೂ ಇಲ್ಲ. ಇಡೋಕೆ ಮರೆತಿದ್ದೆ."

ಇನ್‌ಸ್ಪೆಕ್ಟರು ಹಾಗೇ ನೆಟ್ಟಗಾದರು. ಅವರ ಕಣ್ಣಲ್ಲಿ ಹತ್ತೊಂಬತ್ತು ದಿನಗಳ ಕಚೇರಿ ಸಮಯ ಹಾದುಹೋಯಿತು. ಆಮೇಲೆ ಗಂಟಲು ಸರಿಮಾಡಿಕೊಂಡು, "ಕೆಡವಪ್ಪಾ" ಎಂದರು.

ಡೆಮೊ ನಾಲ್ಕನೇ ಮಹಡಿಯನ್ನು ಗುರುತು ಮಾಡಿ, ಅಳಿಸುವ ಗುಂಡಿ ಒತ್ತಿದ. ಫೋಟೋಗ್ರಾಫರು ಫ್ಲ್ಯಾಷ್ ಹೊಡೆದರು. ನಾಲ್ಕನೇ ಮಹಡಿ ಮಾಯವಾಯಿತು. ಅದರ ಜೊತೆಗೆ ಮೂರನೆಯದೂ ಮಾಯವಾಯಿತು.

ಆಗಿದ್ದಿಷ್ಟೇ. ಕಾಪಿ ಹೊಡೆಯುವಾಗ ಡೆಮೊ, ಒಂದಕ್ಕೆ ಬಣ್ಣ ಬಳಿದರೆ ಇನ್ನೊಂದಕ್ಕೂ ತಾನೇ ಬಳಿಯಲಿ ಎಂಬ ಸೋಮಾರಿತನದಿಂದ ಎರಡು ಮಹಡಿಗಳನ್ನೂ ಒಂದಕ್ಕೊಂದು ಗಂಟು ಹಾಕಿಟ್ಟಿದ್ದ. ಈಗ ಪರದೆಯ ಮೇಲೆ ಎರಡೇ ಮಹಡಿ. ಅದರ ಮೇಲೆ ಬರೀ ಆಕಾಶ. ಆ ಆಕಾಶದ ನಡುವೆ ಯಾವ ಆಧಾರವೂ ಇಲ್ಲದೆ ನೀರಿನ ಟ್ಯಾಂಕು, ಅದರ ಪಕ್ಕ ಹಗ್ಗದಲ್ಲಿ ಒಣಗುತ್ತಿರುವ ಬೆಡ್‌ಶೀಟು.

"ಅಯ್ಯೋ, ಅಕ್ಕನ ಮನೆ!" ತಮ್ಮ ಕಿರುಚಿದ.

ಅಳಿಸಿದ್ದನ್ನು ವಾಪಸ್ ತರುವ ಗುಂಡಿಯ ಕಡೆಗೆ ಡೆಮೊನ ಬೆರಳು ಓಡಿತು. ಬೆರಳು ಗುಂಡಿ ಮುಟ್ಟುವ ಮೊದಲೇ ಒಂದು ಕೈ ಬಂದು ಅವನ ಮಣಿಕಟ್ಟನ್ನು ಹಿಡಿಯಿತು. ಮೂವತ್ತೊಂದು ವರ್ಷ ಸೀಮೆಸುಣ್ಣ ಹಿಡಿದು, ಕಿವಿ ಹಿಂಡಿ ಪಳಗಿದ ಕೈ.

"ಕೈ ತೆಗಿ" ಎಂದರು ಲೆಕ್ಕದ ಮೇಡಂ, ತುಟಿ ಅಲುಗಿಸದೆ.

ಇನ್‌ಸ್ಪೆಕ್ಟರು ಆಗಲೇ ಬರೆಯುತ್ತಿದ್ದರು. "ಮೂರು ಮತ್ತು ನಾಲ್ಕನೇ ಮಹಡಿ... ತೆರವು ಮಾಡಲಾಗಿದೆ... ಕೇಳಿದ್ದು ಒಂದು, ಮಾಡಿದ್ದು ಎರಡು. ಇಂಥ ಸಹಕಾರ ನಾನು ನೋಡೇ ಇಲ್ಲ." ಸಾಕ್ಷಿಗಳು ಸಹಿ ಹಾಕಿದರು. ಆಗ ಅವರ ದೃಷ್ಟಿ ಪರದೆಯ ಮೇಲ್ಭಾಗಕ್ಕೆ ಹೋಯಿತು. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತರು.

"ಏನ್ರೀ ಸೆಕ್ರೆಟ್ರಿ ಇದು! ಟ್ಯಾಂಕು ಗಾಳಿಯಲ್ಲಿ ನಿಂತಿದೆ!"

"ಅದು ಸಾರ್..."

"ಯಾರ ತಲೆ ಮೇಲಾದ್ರೂ ಬಿದ್ರೆ ಯಾರು ಜವಾಬ್ದಾರಿ? ಎರಡು ವರ್ಷದಿಂದ ಏನು ಮಾಡ್ತಿದ್ರಿ ನೀವು? ಇವತ್ತೇ ಇದನ್ನ ಇಳಿಸಿ ಹೊಸದು ಕೂರಿಸ್ಬೇಕು. ಅನುಮತಿ ಈಗಲೇ ಬರೆದು ಕೊಡ್ತೀನಿ!"

ಸೀಲು ಬಿತ್ತು. ಎರಡು ವರ್ಷ ಚಪ್ಪಲಿ ಸವೆಸಿದ್ದ ಸೆಕ್ರೆಟ್ರಿ ಆ ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಹೊರಗೆ ಬಂದ ಮೇಲೆ ಡೆಮೊನ ಅಪ್ಪನಿಗೆ, "ನಾನು ಮೊದಲೇ ಹೇಳ್ಲಿಲ್ವೇ, ಹುಡುಗನ ಕೈಗೆ ಕೊಟ್ರೆ ಕೆಲಸ ಆಗುತ್ತೆ ಅಂತ! ಮನೆ ಗಿನೆ ಖಾಲಿ ಮಾಡೋ ಯೋಚನೆ ಮಾಡ್ಬೇಡಿ, ನನಗೆ ಬೇಜಾರಾಗುತ್ತೆ" ಎಂದರು.

ಕಚೇರಿಯ ಮೆಟ್ಟಿಲ ಮೇಲೆ ತಮ್ಮ, ಅಕ್ಕನನ್ನು ತಡೆದು ನಿಲ್ಲಿಸಿದ.

"ಅಕ್ಕಾ, ಈಗ ಕಾಗದದ ಪ್ರಕಾರ ನಿನಗೆ ಮನೆ..."

"ಇಲ್ಲಪ್ಪಾ. ಒಂದೂ ಇಲ್ಲ. ಸರ್ಕಾರದ ಕಾಗದ ನಂಬೋನು ನೀನು, ನಿನಗೆ ನಾನು ಹೇಳ್ಬೇಕಾ?" ಮೇಡಂ ಸೆರಗಿನಿಂದ ಬರದ ಕಣ್ಣೀರು ಒರೆಸಿಕೊಂಡರು. "ಒಡಹುಟ್ಟಿದೋನು ಅಂತ ನೀನೊಬ್ಬ ಇದ್ದೀಯಲ್ಲ. ನಿನ್ನ ಮನೆಗೇ ಬಂದುಬಿಡ್ತೀನಿ. ಎಷ್ಟು ದಿನ ಅಂತ ಹೇಳೋಕಾಗಲ್ಲ. ನಿನ್ನ ಹೆಂಡತಿಗೂ ಸ್ವಲ್ಪ ಲೆಕ್ಕ ಹೇಳ್ಕೊಡಬೇಕು ಅಂತ ಬಹಳ ದಿನದ ಆಸೆ."

ಅವರು ಬಸ್ಸು ಹಿಡಿದು ಮನೆ ಮುಟ್ಟುವಷ್ಟರಲ್ಲಿ ತಮ್ಮ, ಆಟೋ ಹಿಡಿದು, ಸೂಟ್‌ಕೇಸುಗಳನ್ನೆತ್ತಿಕೊಂಡು, ಅದೇ ಆಟೋದಲ್ಲಿ ಹೊರಟುಹೋಗಿದ್ದ. ಹೊಲಿದ ನೀಲಿ ಪರದೆಗಳು ಟೈಲರ ಬಳಿಯೇ ಉಳಿದವು. ಇಲ್ಲದ ಮನೆಯ ಪರದೆಗೆ ಯಾರನ್ನು ಹೋಗಿ ಕೇಳುವುದೆಂದು ಅವರಿಗೆ ತಿಳಿಯಲಿಲ್ಲ.

ನಾಲ್ಕನೇ ಮಹಡಿಯಿದ್ದ ಹಳೇ ಕಾಪಿಯನ್ನು ಇನ್ನೊಂದು ನೋಟಿಸಿನ ಭಯಕ್ಕೆ ಹೊರಗೆ ತೆಗೆಯದೆ, ಪ್ರಾಜೆಕ್ಟ್ ಒಪ್ಪಿಸುವ ದಿನ ಡೆಮೊ ತಂದಿದ್ದು ಎರಡು ಮಹಡಿಯ, ಹದಿನಾಲ್ಕು ನಿಮಿಷದ ಗೇಮು. ಗೈಡ್ ಸರ್ ಗಡಿಯಾರ ನೋಡಿಕೊಂಡು ಆಡಲು ಕುಳಿತರು. ಬೀಗದ ಕೈ ಹುಡುಕಿದರು. ಕಾಲೊರೆಸಿನ ಕೆಳಗೆ ನೋಡಿದರು, ಹೂಕುಂಡದಲ್ಲಿ ನೋಡಿದರು, ತೇವದ ಕಲೆಯನ್ನು ಹದಿನಾರು ಸಲ ತಟ್ಟಿದರು. "ಹೇಳ್ಬೇಡ, ನಾನೇ ಕಂಡುಹಿಡೀತೀನಿ" ಎಂದು ಡೆಮೊನ ಬಾಯಿ ಮುಚ್ಚಿಸಿದರು. ಎರಡು ಗಂಟೆ ಕಳೆದ ಮೇಲೆ ಕುರ್ಚಿಗೆ ಒರಗಿ, "ಅರ್ಧ ಗಂಟೆಗಿಂತ ಕಡಿಮೆ ಏನಿಲ್ಲ, ಒಪ್ಪಿದೆ. ಆದ್ರೆ ನಿನ್ನ ಮುಖ ಇನ್ನೊಂದ್ಸಲ ನೋಡೋಕೆ ನಾನು ತಯಾರಿಲ್ಲ" ಎಂದು ಪಾಸು ಮಾಡಿದರು. ಉಳಿದ ಹತ್ತು ಮಂದಿ ಸ್ವತಂತ್ರರು ಐದು ನಕ್ಷತ್ರ ಕೊಟ್ಟು, ಗಾಳಿಯಲ್ಲಿ ತೇಲುವ ಟ್ಯಾಂಕಿನ ಒಳಾರ್ಥದ ಬಗ್ಗೆ ಉದ್ದುದ್ದ ಬರೆದರು.

ಎಲ್ಲಾ ಮುಗಿದರೂ ಡೆಮೊಗೆ ಒಂದು ಅಳುಕು ಉಳಿದಿತ್ತು. ಒಬ್ಬ ಹೆಂಗಸಿನ ಮನೆಯನ್ನು ಊರಿನ ದಾಖಲೆಯಿಂದಲೇ ಅಳಿಸಿ ಕೂತಿದ್ದ. ಒಂದು ಸಂಜೆ ಮೂರನೇ ಮಹಡಿ ಹತ್ತಿ ಬಾಗಿಲು ತಟ್ಟಿದ. ಮೇಡಂ ಪೆನ್ಸಿಲ್ ಹಿಡಿದು ಪದಬಂಧ ಬಿಡಿಸುತ್ತಿದ್ದರು. ಟಿವಿ ಆಫ್ ಆಗಿತ್ತು.

"ಮೇಡಂ, ನಾಳೆ ನಗರಸಭೆಗೆ ಹೋಗಿ ನಿಮ್ಮ ಮನೆ ವಾಪಸ್ ತಂದುಬಿಡ್ತೀನಿ. ಇನ್‌ಸ್ಪೆಕ್ಟರಿಗೆ ನಾನೇ ಹೇಳ್ತೀನಿ."

"ತರೋಕೆ ಎಷ್ಟು ಹೊತ್ತು ಬೇಕು?"

"ಅಯ್ಯೋ, ಹಳೇ ಕಾಪಿ ನನ್ನ ಹತ್ರ ಇದೆ. ಒಂದೇ ನಿಮಿಷದ ಕೆಲಸ."

ಒಳಗೆ ಫೋನು ಹೊಡೆದುಕೊಳ್ಳಲು ಶುರುವಾಯಿತು. ಮೇಡಂ ಕತ್ತು ಚಾಚಿ ಯಾರೆಂದು ನೋಡಿದರು. ತಮ್ಮನ ಹೆಸರು. ಎತ್ತಲಿಲ್ಲ. ಅದು ಹೊಡೆದುಕೊಂಡು ಹೊಡೆದುಕೊಂಡು ತಾನೇ ನಿಂತಿತು.

"ಒಂದೇ ನಿಮಿಷ ಅಂದ್ಮೇಲೆ ಅವಸರ ಏನೂ ಇಲ್ಲ" ಎಂದರು ಮೇಡಂ, ಪದಬಂಧದ ಕಡೆಗೆ ತಿರುಗುತ್ತಾ. "ಒಂದೆರಡು ತಿಂಗಳು ಹಾಯಾಗಿ ಇಲ್ಲದೇ ಇರ್ತೀನಿ. ಹೋಗುವಾಗ ಬಾಗಿಲು ಎಳೆದುಕೊಂಡು ಹೋಗಪ್ಪಾ."